ಕುಂಚದ ಇನ್ನೊಂದು ತುದಿ

ಮೊದಲ ಪಾವು, ಅಂದರೆ ಮಗ್ಗಕ್ಕೆ ಏರಬೇಕಿದ್ದ ಹಾಸು, ಕೈಕೊಟ್ಟ ಬೆಳಗ್ಗೆ ಗಾಳಿ ಬೀಸುತ್ತಿತ್ತು ಎಂದು ನಾನು ಬಹಳ ವರ್ಷ ನಂಬಿದ್ದೆ. ಆಮೇಲೊಮ್ಮೆ ಎಡಪ್ಪಾಡಿಗೆ ಹೋದಾಗ ಅಲ್ಲಿಯ ನೇಕಾರ ಬೀದಿಯ ಯಜಮಾನರ ಅಕ್ಕ, "ಗಾಳಿ ಎಲ್ಲಿತ್ತು ಸಾಮಿ? ಬೇವಿನ ಮರದಾಗೆ ಒಂದು ಎಲೆ ಅಲ್ಲಾಡ್ಲಿಲ್ಲ ಆವತ್ತು," ಎಂದರು. ಸೋಲಿಗೆ ಹೊರಗಿನದೊಂದು ಕಾರಣ ಇರಲಿ ಎಂದು ನನ್ನ ನೆನಪೇ ಗಾಳಿ ಎಬ್ಬಿಸಿಕೊಂಡಿತೋ, ಆಕೆಗೇ ಮರೆವು ಬಂದಿತ್ತೋ, ತೀರ್ಮಾನ ಹೇಳಲು ಈಗ ಯಾರೂ ಇಲ್ಲ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಕೆಲಸದ ವಿವರಗಳನ್ನು ಓದುಗರು ನಂಬಬಹುದು. ಅವು ಕೈಗೆ ಅಂಟಿದ ನೆನಪುಗಳು. ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದನ್ನು ಮಾತ್ರ ಸಡಿಲವಾಗಿ ಹಿಡಿದುಕೊಂಡರೆ ಒಳ್ಳೆಯದು.

ಮೆಟ್ಟೂರಿನ ಅಣೆಕಟ್ಟೆಯಲ್ಲಿ ನೀರು ನಿಲ್ಲತೊಡಗಿದ್ದ ಕಾಲ. ಮದ್ರಾಸಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎ. ಮಾಡಿ ಬಂದ ನಾನು ಎಡಪ್ಪಾಡಿಯ ನೇಕಾರರ ಸಂಘವೊಂದರಲ್ಲಿ ಮೇಲ್ವಿಚಾರಕನಾಗಿದ್ದೆ. ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಜಗಲಿ ಇಳಿದರೆ ತಮಿಳು, ಮಗ್ಗದ ಮುಂದೆ ಎರಡೂ. ಆ ವರ್ಷ ಹತ್ತಿ ಸೀರೆ ಕೇಳುವವರಿಲ್ಲದೆ ಒಂದೊಂದೇ ಮನೆಯ ಮಗ್ಗ ನಿಲ್ಲುತ್ತಾ ಬಂತು. ಮಗ್ಗ ನಿಂತ ಮನೆಯ ಗಂಡಸರು ಗಿರಣಿ ಕೆಲಸ ಹುಡುಕಿಕೊಂಡು ಕೊಯಮತ್ತೂರಿನ ಕಡೆ ಹೊರಟರು. ಅಷ್ಟರಲ್ಲಿ ಸೇಲಂನ ನೂಲಿನ ವ್ಯಾಪಾರಿಯೊಬ್ಬ ಕೃತಕ ರೇಷ್ಮೆಯ ಕೆಲವು ಕಟ್ಟುಗಳನ್ನು ಸಂಘಕ್ಕೆ ಕೊಟ್ಟ. ಹಾಸಿಗೂ ಹೊಕ್ಕಿಗೂ ಇದೇ ನೂಲು ಹಾಕಿ ಒಂದು ಪಾವು ಸೀರೆ ನೇಯ್ದು ತೋರಿಸಿದರೆ ಬೀದಿಯ ಅಷ್ಟೂ ಮಗ್ಗಕ್ಕೆ ಕೆಲಸ, ಆಗದಿದ್ದರೆ ಬೇರೆ ಊರು ನೋಡಿಕೊಳ್ಳುತ್ತೇನೆ ಎಂದ.

ಮರದ ತಿರುಳನ್ನು ಕರಗಿಸಿ ಎಳೆದ ನೂಲದು. ಬೆಳಕಿಗೆ ಹಿಡಿದರೆ ಕಣ್ಣು ಕುಕ್ಕುವ ಹೊಳಪು. ಬೀದಿಯವರು ಅದನ್ನು ಸುಳ್ಳು ಪಟ್ಟು, ಅಂದರೆ ಸುಳ್ಳು ರೇಷ್ಮೆ, ಎಂದು ಕರೆದರು.

ಪಾವು ಎಂದರೆ ಹಾಸಿನ ನೂಲು. ಮಗ್ಗಕ್ಕೆ ಏರುವ ಮುಂಚೆ ಅದಕ್ಕೆ ಗಂಜಿ ಕುಡಿಸಬೇಕು. ಇಲ್ಲದಿದ್ದರೆ ಹಣಿಗೆಯ ಉಜ್ಜುವಿಕೆಗೆ ಎಳೆಯ ಮೈ ಕೂದಲೇಳುತ್ತದೆ. ನಮ್ಮಲ್ಲಿ ಈ ಕೆಲಸ ನಡೆಯುತ್ತಿದ್ದದ್ದು ಬೀದಿಯಲ್ಲೇ. ಬಿಸಿಲೇರುವ ಮುಂಚೆ ಬೀದಿಯುದ್ದಕ್ಕೂ ಕತ್ತರಿಗೋಲುಗಳನ್ನು ನೆಟ್ಟು ಪಾವನ್ನು ಹಾಸಿ ಬಿಗಿಯುತ್ತಾರೆ. ಮುನ್ನಾದಿನ ಕಾಯಿಸಿ ಸ್ವಲ್ಪ ಹುಳಿ ಬಂದ ರಾಗಿಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಎಳ್ಳೆಣ್ಣೆ ಬೆರೆಸಿ, ನೂಲಿಗೆ ಮೆತ್ತುತ್ತಾರೆ. ಹಿಂದೆಯೇ ಕುಂಚ ಬರುತ್ತದೆ. ಇದು ಬಣ್ಣ ಬಳಿಯುವ ಕುಂಚವಲ್ಲ. ಮರದ ಉದ್ದನೆಯ ಬೆನ್ನಿಗೆ ಒರಟು ನಾರು ಕಟ್ಟಿದ್ದು. ಪಾವಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಎರಡು ತುದಿ ಹಿಡಿದು, ಒಂದೇ ಹೆಜ್ಜೆಯಲ್ಲಿ, ಒಂದೇ ದಿಕ್ಕಿಗೆ ಎಳೆದುಕೊಂಡು ಹೋಗಬೇಕು. ಹೆಂಗಸರು ಎರಡೂ ಕಡೆ ಸಾಲಾಗಿ ನಡೆಯುತ್ತಾ ಹರಿದ ಎಳೆಗಳನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಗಂಜಿ ಒಣಗುವುದರೊಳಗೆ ಎಳೆ ಎಳೆ ಬಿಡಿಯಾಗದಿದ್ದರೆ ಇಡೀ ಪಾವು ಚಾಪೆ. ಒಬ್ಬ ತಪ್ಪು ಹೆಜ್ಜೆ ಇಟ್ಟರೂ ಬೀದಿಗೆ ನಷ್ಟ. ಹಾಗಾಗಿ ಪಾವಿನ ದಿನ ಎಲ್ಲ ಮನೆಗಳಿಂದಲೂ ಆಳು ಬರಬೇಕು, ಎಲ್ಲರೂ ಒಬ್ಬನ ಮಾತು ಕೇಳಬೇಕು ಎಂಬುದು ಅಲ್ಲಿಯ ಕಟ್ಟಳೆ.

ಆ ಒಬ್ಬರೇ ಯಜಮಾನರು. ಅರವತ್ತು ದಾಟಿದ್ದವರು, ಅಗಲ ಎದೆ, ಬೀದಿಯ ಆಚೆ ತುದಿಗೂ ಕೇಳುವ ಗಂಟಲು. ವಿನಯ ಅವರ ಬಳಿ ಸುಳಿದಿರಲಿಲ್ಲ. "ದ್ರೌಪದಿ ಸೀರೆ ಯಾಕೆ ಮುಗೀಲಿಲ್ಲ ಗೊತ್ತಾ ಸಾಮಿ? ಅದ್ರ ಪಾವು ಇಡಿದೋರು ನಮ್ಮ ತಾತ!" ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಬಿ.ಎ. ಸಾಮಿ ಎಂದು. ಗೌರವವೋ ಗೇಲಿಯೋ, ಕೇಳಿದರೆ ನಗುತ್ತಿದ್ದರು.

ಹೊಸ ನೂಲು ಬಂದ ಸಂಜೆ ನಾನು ಅವರ ಜಗಲಿಯಲ್ಲಿ ಕೂತು, "ಯಜಮಾನ್ರೇ, ಈ ನೂಲು ನೆನೆದರೆ ಬಲ ಕಳೆದುಕೊಳ್ಳುತ್ತದೆ ಎಂದು ಓದಿದ ನೆನಪು," ಎಂದೆ.

"ನೆನಪಾ? ಗೊತ್ತಾ?"

ಪುಸ್ತಕದ ಆ ಪುಟ ಕಣ್ಣ ಮುಂದಿತ್ತು, ಎಡಗಡೆಯ ಪುಟ, ಕೆಳಗಡೆ. ನೀರು ಬಿದ್ದರೆ ಒಂದು ನೂಲಿಗೆ ಬಲ ಹೆಚ್ಚುತ್ತದೆ, ಇನ್ನೊಂದಕ್ಕೆ ಇಳಿಯುತ್ತದೆ. ಹತ್ತಿ ಯಾವ ಕಡೆ, ಇದು ಯಾವ ಕಡೆ? ಹೆಚ್ಚು ಯೋಚಿಸಿದಷ್ಟೂ ಎರಡು ಸಾಲುಗಳು ಜಾಗ ಬದಲಿಸಿಕೊಳ್ಳುತ್ತಿದ್ದವು. "ನೆನಪು," ಎಂದೆ.

"ನೆನಪಿಗೆ ಗಂಜಿ ಆಕಕ್ಕೆ ಆಗಲ್ಲ ಸಾಮಿ," ಎಂದು ಅವರು ನಕ್ಕರು. ಜಗಲಿಯ ಮೇಲಿದ್ದವರೂ ನಕ್ಕರು. ಆ ನಗುವಿನ ಮೇಲೇ ಯಜಮಾನರು ಒಂದು ಮಾತು ಆಡಿಬಿಟ್ಟರು: "ಈ ಪಾವು ಮಗ್ಗಕ್ಕೆ ಏರ್ಲಿಲ್ಲಾ ಅಂದ್ರೆ ನಾನು ಕುಂಚ ಇಡಿಯೋದು ಬಿಟ್ಟೆ ಅಂತ ತಿಳ್ಕಳ್ರಿ." ಯಾರೂ ಕೇಳದಿದ್ದ ಆಣೆ. ಆದರೆ ಬೀದಿಯವರ ಮುಂದೆ ಆಡಿದ ಮಾತು.

ಮರುದಿನವಲ್ಲ, ಅದರಾಚೆಯ ಬೆಳಗ್ಗೆ ಪಾವು ಹಾಸಿದೆವು. ನೂಲಿನಲ್ಲಿ ಮೂರನೇ ಒಂದು ಪಾಲು ಅದಕ್ಕೇ ಹೋಗಿತ್ತು. ಕುಂಚ ಮೊದಲ ಕತ್ತರಿಗೋಲು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಹತ್ತಿಯ ಎಳೆ ಹರಿದರೆ ಟಿಕ್ ಎನ್ನುತ್ತದೆ, ಹೆಂಗಸರು ಆ ಸದ್ದಿನ ಕಡೆಗೇ ಕೈ ಹಾಕುತ್ತಾರೆ. ಇದು ಸದ್ದೇ ಮಾಡಲಿಲ್ಲ. ಕುಂಚ ಹಾದುಹೋದ ಮೇಲೆ ನೋಡಿದರೆ ಎಳೆಗಳು ಗುಂಪುಗುಂಪಾಗಿ ಕಳಚಿ ಜೋತಾಡುತ್ತಿದ್ದವು.

"ಅಮುಕ್‌ಬ್ಯಾಡಾ, ಜಾರ್ಸು!" ಎಂದು ಯಜಮಾನರು ಆಚೆ ತುದಿಯವನಿಗೆ ಕೂಗಿದರು. ಅವನು ಅಮುಕುತ್ತಿರಲಿಲ್ಲ. ಹೆಂಗಸರು ಹೊಸೆದ ಗಂಟು ಆ ಜಾರು ನೂಲಿನಲ್ಲಿ ನಿಲ್ಲಲಿಲ್ಲ. ಒಂದನ್ನು ಕೂಡಿಸುವಷ್ಟರಲ್ಲಿ ಪಕ್ಕದ್ದು ಹೋಗುತ್ತಿತ್ತು. ಬಿಸಿಲು ಬಂತು. ಗಂಜಿ ಒಣಗಿ ಎಳೆದುಕೊಂಡಿತು. ನಾನೂ ಇಳಿದು ಎಳೆ ಬಿಡಿಸಲು ನೋಡಿದೆ. ಬೆರಳು ಇಟ್ಟಲ್ಲೆಲ್ಲ ಹರಿಯಿತು. ಆಮೇಲೆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯದೆ ನಿಂತೆ. ಬೀದಿಯ ಎರಡೂ ಕಡೆ ಅಷ್ಟೂ ಜನ ಹಾಗೇ ನಿಂತಿದ್ದರು, ಹೆಣದ ಸುತ್ತ ನಿಂತ ಹಾಗೆ.

ಪಕ್ಕದ ಬೀದಿಯವನೊಬ್ಬ ಹಾದುಹೋಗುತ್ತಾ, "ಏನ್ ಯಜಮಾನ್ರೇ, ಪಾವಾ, ಇಲ್ಲಾ ಸ್ಯಾವಿಗೆ ಒಣಗಾಕಿದ್ದೀರಾ?" ಎಂದ.

"ಓಗಲೇ! ನಿನ್ನ ಮದುವೆ ಪಂಚೆ ಇನ್ನೂ ಸೊಂಟದ ಮ್ಯಾಲೆ ನಿಂತೈತೆ ಅಂದ್ರೆ ಅದು ನನ್ನ ಗಂಜಿ!" ಎಂದು ಯಜಮಾನರು ಗದರಿದರು. ಯಾರೂ ನಗಲಿಲ್ಲ.

ಅವರು ತಪ್ಪನ್ನು ರಾಗಿಯ ಮೇಲೆ ಹಾಕಿದರು. ಈ ಸಲದ್ದು ಸಂತೆಯ ರಾಗಿ, ಹೊಟ್ಟು ಜಾಸ್ತಿ, ಗಂಜಿ ಒರಟು. ಪಾಲಕೋಡಿನ ಕಡೆಯ ಕೆಂಪು ರಾಗಿಯಾದರೆ ಗಂಜಿ ಬೆಣ್ಣೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಆದರೆ ಅದಕ್ಕಿಂತ ಒಳ್ಳೆಯ ವಾದ ನನ್ನಲ್ಲೂ ಇರಲಿಲ್ಲ. ಬಸ್ಸು ಹಿಡಿದು ಧರ್ಮಪುರಿ ದಾಟಿ ಪಾಲಕೋಡಿಗೆ ಹೋಗಿ, ಅವರ ಬೀಗರ ಮನೆಯಿಂದ ಮೂಟೆ ರಾಗಿ ತಂದೆ. ಬೀಗರು ಕನ್ನಡದ ರೈತರು. "ಊಟಕ್ಕಲ್ಲಾ, ನೂಲಿಗಾ? ನಮ್ಮ ರಾಗಿ ಸೀರೆ ಉಡ್ತದೆ ಅನ್ನಿ!" ಎಂದು ಖುಷಿಯಿಂದಲೇ ಅಳೆದುಕೊಟ್ಟರು. ಹಿಂದಿರುಗುವ ದಾರಿಯುದ್ದಕ್ಕೂ ಮೂಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಇದರಿಂದ ಏನೂ ಆಗದು ಎಂದು ಒಳಗೆ ಗೊತ್ತಿತ್ತು. ಆಗಲಿ ಎಂದೂ ಬೇಡಿಕೊಳ್ಳುತ್ತಿದ್ದೆ. ನಾನು ಯಾರನ್ನು ಬೇಡಿಕೊಂಡೆನೋ ಹೇಳಲಾರೆ, ದೇವರನ್ನಂತೂ ಬಿಟ್ಟು ಕೆಲವು ವರ್ಷವಾಗಿತ್ತು.

ಎರಡನೇ ಪಾವಿಗೆ ಗಂಜಿ ತೆಳ್ಳಗೆ, ಕುಂಚದ ನಾರು ನೆನೆಸಿ ಮೆತ್ತಗೆ ಮಾಡಿದ್ದು, ಹೆಜ್ಜೆ ನಿಧಾನ. ಅರ್ಧ ಉಳಿಯಿತು. ಆ ಅರ್ಧವನ್ನು ಮಗ್ಗಕ್ಕೆ ಏರಿಸಿದರೆ ಎಳೆಯ ಮೈಯಿಂದ ಸಣ್ಣ ಕೂದಲೆದ್ದು ಹಣಿಗೆಯ ಹಲ್ಲುಗಳಲ್ಲಿ ಹತ್ತಿಯ ಉಂಡೆಯಂತೆ ಸಿಕ್ಕಿಕೊಂಡಿತು. ತೆಳು ಗಂಜಿ ಸಾಲದು, ದಪ್ಪ ಗಂಜಿ ಕುಂಚದಡಿಯಲ್ಲಿ ಎಳೆ ಉಳಿಸದು. ಸಂಘದ ಅಧ್ಯಕ್ಷರು, ಗಂಜಿಯೇ ಬೇಡ, ಒಣ ನೂಲನ್ನೇ ಸ್ವಲ್ಪ ಏರಿಸಿ ನೋಡೋಣ ಎಂದರು. ಒಂದು ಗೇಣು ನೇಯುವುದರೊಳಗೆ ಮಗ್ಗದವನು ಕಾಲು ತೆಗೆದು ಮಗ್ಗದ ಕೆಳಗಿನ ಗುಂಡಿಯಿಂದ ಮೇಲೆ ಬಂದು, "ನಾಯಿ ಮೈ ಬಾಚಿದಂಗೆ ಐತೆ," ಎಂದು ಬೀಡಿ ಹಚ್ಚಿಕೊಂಡ.

ಇಷ್ಟು ಹೊತ್ತಿಗೆ ನಾನು ನನ್ನ ನೆನಪನ್ನು ಪರೀಕ್ಷೆಗೆ ಹಚ್ಚಿದ್ದೆ. ಸಂಘದ ಹಿಂದಿನ ಜಗಲಿಯಲ್ಲಿ ತೊಲೆಗೆ ಎಳೆ ಕಟ್ಟಿ, ಕೆಳಗೆ ಚಿಕ್ಕ ಲೋಟ ತೂಗಿಸಿ, ಅದಕ್ಕೆ ಸ್ವಲ್ಪಸ್ವಲ್ಪ ಮರಳು ಸುರಿಯುತ್ತಾ ಹೋಗುವುದು. ಒಮ್ಮೆ ಒಣ ಎಳೆ, ಒಮ್ಮೆ ನೆನೆದದ್ದು. ನೆನೆದದ್ದು ಬೇಗ ಹರಿಯಿತು. ಆದರೆ ಕೆಲವು ಒಣ ಎಳೆಗಳೂ ಅಷ್ಟೇ ಬೇಗ ಹರಿದವು. ಅವು ಮೊದಲೇ ಎಲ್ಲೋ ತರಚಿದ್ದವೋ, ನನ್ನ ಗಂಟೇ ಸರಿಯಿಲ್ಲವೋ. ನಿಜ ಎನ್ನಲು ಧೈರ್ಯವಿಲ್ಲ, ಸುಳ್ಳು ಎನ್ನಲೂ ಇಲ್ಲ. ಯಜಮಾನರು ಬಂದು ಕಂಬಕ್ಕೆ ಒರಗಿ ನೋಡುತ್ತಿದ್ದರು. ಒಂದು ಹಿಡಿ ಎಳೆ ಕಿತ್ತುಕೊಂಡು ಹೋದರು.

ಮರುದಿನ ಅವರ ಅಕ್ಕ ಸಂಘದ ಬಾಗಿಲಿಗೆ ಬಂದರು. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದು, ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಹೆಂಗಸು. "ಅವನಿಗೆ ಏನ್ ಕಲ್ಸಿದ್ರಿ ಸಾಮಿ? ಊಟಕ್ಕೆ ಕೂತ್ರೂ ಚೆಂಬಿನಾಗೆ ಎಳೆ ಅದ್ದೋದು, ಕಿವಿ ಅತ್ರ ಇಡ್ಕಂಡು ಎಳೆಯೋದು. ಸಾರಿನಾಗೂ ಅದ್ದಿ ನೋಡ್ಬಿಟ್ಟ!"

ಆ ಸಂಜೆ ಯಜಮಾನರೇ ಹೇಳಿದರು. "ನೀವು ಅಂದಿದ್ದು ನಿಜ ಸಾಮಿ. ನೀರಿಗೆ ಬಿದ್ದ ಅಪ್ಪಳ. ನಾವು ಅದ್ರ ಮ್ಯಾಲೆ ಕುಂಚ ಎಳೀತಾ ಇದ್ದೀವಿ." ಕೈಯಲ್ಲಿದ್ದ ಎಳೆ ಬಿಸಾಡಿ ಕೇಳಿದರು: "ಸರಿ, ನಿಜ ಗೊತ್ತಾಯ್ತು. ಅಪ್ಪುರಂ?"

ತಮಿಳಿನಲ್ಲಿ ಕೇಳಿದ್ದು, ಆಮೇಲೇನು ಎಂದು. ನನ್ನ ನೆನಪು ಸರಿಯಾಗಿತ್ತು ಎಂದು ತಿಳಿದು ಒಂದು ಗಳಿಗೆಯೂ ಸಂತೋಷವಾಗಲಿಲ್ಲ. ಗಂಜಿ ಬೇಕೇ ಬೇಕು, ಗಂಜಿಯಲ್ಲಿ ನೀರಿದೆ, ನೀರು ಬಿದ್ದರೆ ಎಳೆ ನಿಲ್ಲದು. ಇದರ ಹೊರಗೆ ದಾರಿ ಕಾಣಲಿಲ್ಲ. ನೂಲು ಇನ್ನೊಂದು ಪಾವಿಗೆ ಸಾಕಾಗುವಷ್ಟೇ ಉಳಿದಿತ್ತು. ಅಧ್ಯಕ್ಷರು ಬಂದು, ಉಳಿದದ್ದನ್ನಾದರೂ ಹಿಂದಿರುಗಿಸಿ ಮಾನ ಉಳಿಸಿಕೊಳ್ಳುವುದೋ, ಇನ್ನೊಂದು ಸಲ ನೋಡುವುದೋ, "ನೀವೇ ತೀರ್ಮಾನ ಮಾಡಿ, ಓದಿದೋರು," ಎಂದು ಹೇಳಿ ಹೋದರು. ತೀರ್ಮಾನ ನನ್ನ ಮೇಜಿನ ಮೇಲೆ ಕೂತಿತ್ತು, ನಾನು ಅದರ ಮುಂದೆ ಕೂತಿದ್ದೆ. ಅಂದು ಇನ್ನೆರಡು ಮನೆಯವರು ಕೊಯಮತ್ತೂರಿಗೆ ಹೋಗಲು ಗಂಟು ಕಟ್ಟಿದರೆಂದು ಕೇಳಿದೆ. ನಾನು ಎದ್ದು ಯಜಮಾನರ ಮನೆಗೆ ಹೋದೆ. ಕೇಳಲು ಏನಿತ್ತೆಂದು ನೆನಪಿಲ್ಲ. ಬೇರೆಲ್ಲಿಗೂ ಹೋಗಲು ತೋಚಲಿಲ್ಲ.

ಮುಂದಿನ ಮಾತು ಯಾರ ಬಾಯಿಂದ ಬಂತು ಎಂಬುದರಲ್ಲಿ ನಾವು ಮೂವರೂ ಬೇರೆ ಬೇರೆ ನೆನಪು ಇಟ್ಟುಕೊಂಡಿದ್ದೆವು. ಅಕ್ಕ ಅಂಚಿನ ಎಳೆಗಳಿಗೆ ಗಂಜಿ ಹಾಕುತ್ತಾ ಹಿತ್ತಿಲ ನೆರಳಲ್ಲಿ ಕೂತಿದ್ದರು. ಅಂಚಿಗೆ ನಿಜವಾದ ರೇಷ್ಮೆಯ ನಾಲ್ಕೆಳೆ ಬೇಕಾದಾಗ ಅದನ್ನು ಯಾರೂ ಬೀದಿಗೆ ತರುತ್ತಿರಲಿಲ್ಲ. ಹೆಂಗಸರು ಹಿತ್ತಿಲಲ್ಲೇ ಗಂಜಿಯ ಮಡಕೆಯಲ್ಲಿ ಲಡಿಯನ್ನೇ, ಅಂದರೆ ಸುತ್ತಿದ ನೂಲಿನ ಸುರುಳಿಯನ್ನೇ, ಅದ್ದಿ, ಬಿದಿರಿಗೆ ಹಾಕಿ ಒಣಗಿಸುತ್ತಿದ್ದರು. ಪಾವು ಮಾಡುವುದು ಆಮೇಲೆ, ಒಣಗಿದ ನೂಲಿನಿಂದ. ಇದು ಎಲ್ಲರೂ ದಿನಾ ನೋಡಿದ್ದ ಕೆಲಸ. ಅಂಚಿಗೆ ಆಗುವುದು ಸೀರೆಯ ಒಡಲಿಗೂ ಆಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಒಡಲಿನ ಪಾವು ಬೀದಿಯದು, ಮಡಕೆ ಹಿತ್ತಿಲಿನದು. ಎಳೆ ನೆನೆಯಲಿ, ಆದರೆ ನೆನೆದಾಗ ಅದನ್ನು ಬಿಗಿಯಬಾರದು, ಉಜ್ಜಬಾರದು. ಇದನ್ನು ಹೇಳಿದ್ದು ಬಿ.ಎ. ಸಾಮಿ ಎಂದು ಯಜಮಾನರು ಎಲ್ಲರಿಗೂ ಹೇಳುತ್ತಿದ್ದರು. ಅವರೇ ಹೇಳಿದರೆಂದು ನನ್ನ ನೆನಪು. ನಾವಿಬ್ಬರೂ ಮಡಕೆ ನೋಡುತ್ತಾ ಕೂತಿದ್ದಾಗ ತಾನೇ ಗದರಿ ಹೇಳಿದೆನೆಂದು ಅಕ್ಕ ಹೇಳುತ್ತಿದ್ದರು.

ಆದರೆ ಆಮೇಲಿನದು ನನಗೆ ಸ್ಪಷ್ಟವಾಗಿದೆ. ಯಜಮಾನರು ಬೀದಿಯ ಕಡೆ ನೋಡಿದರು. "ಅಂಗಾದ್ರೆ ಬೀದಿ ಬ್ಯಾಡ," ಎಂದರು.

"ಬ್ಯಾಡ," ಎಂದರು ಅಕ್ಕ.

"ಆಳೂ ಬ್ಯಾಡ."

"ಯಾತಕ್ಕೆ ಆಳು? ಒಂದು ಮನೆಗೆ ಒಂದು ಮಡಕೆ ಸಾಕು."

ಕುಂಚ ಬೇಡ ಎಂಬುದನ್ನು ಮೂವರಲ್ಲಿ ಯಾರೂ ಆಡಲಿಲ್ಲ. ಯಜಮಾನರು ಎದ್ದು ಪಂಚೆ ಕೊಡವಿ, "ಉಳಿದ ನೂಲೆಲ್ಲಾ ಇಲ್ಲಿಗೆ ತರ್ಸಿ ಸಾಮಿ," ಎಂದರು. ನನ್ನ ಮೇಜಿನ ಮೇಲೆ ಕೂತಿದ್ದ ತೀರ್ಮಾನವನ್ನು ಅವರು ಹೀಗೆ ತೆಗೆದುಕೊಂಡರು. ಅವರು ಬೇಡ ಎಂದಿದ್ದರೆ ನಾನು ನೂಲನ್ನು ವಾಪಸು ಕಳಿಸುತ್ತಿದ್ದೆ. ಆಗ ಬೀದಿಯ ಮಗ್ಗಗಳು ಹೋಗುತ್ತಿದ್ದವು, ಅವರ ಯಜಮಾನಿಕೆ ಮಾತ್ರ ಇನ್ನಷ್ಟು ದಿನ ಹೇಗೋ ಉಳಿಯುತ್ತಿತ್ತೋ ಏನೋ.

ಗಂಜಿಯನ್ನು ಅವರೇ ಕಾಯಿಸಿದರು. ಅದು ಅವರಿಗೆ ಬರುತ್ತಿತ್ತು. ಲಡಿ ಅದ್ದುವುದು ಬರುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅಕ್ಕನ ಎದುರು ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಲಿತರು.

"ಲೇ, ಬಟ್ಟೆ ಇಂಡ್ದಂಗೆ ಇಂಡಬ್ಯಾಡ! ಕೂಸಿನ ತಲೆ ಒರಸ್ದಂಗೆ ಅಮುಕು. ಇಷ್ಟು ವರ್ಸ ಆಯ್ತು, ಕೂಸಿಗೆ ನೀರು ಆಕಿದ್ದೀಯಾ ಒಂದು ದಿನ?"

"ಬೀದಿಯಾಗೆ ನನ್ನ ಗಂಟಲು ಕೇಳಿದ್ದೀಯಲ್ಲಾ ನೀನು?"

"ಬೀದಿಯಾಗೆ ಇಕ್ಕಳ್ಳಾ ಅದ್ನ. ಇಲ್ಲಿ ಮೆತ್ತಗೆ."

ಬಿದಿರಿಗೆ ಹಾಕಿದ ಲಡಿಯ ಕೆಳಗೆ ಹಗುರಾದ ಕೋಲು ತೂರಿಸಿ ನೇರ ಮಾಡಬೇಕು. ಭಾರವಾದರೆ ಎಳೆ ಉದ್ದವಾಗಿ ಸತ್ತುಹೋಗುತ್ತದೆ. ಗಂಜಿ ಕೆಳಗಿಳಿದು ಕಟ್ಟಿಕೊಳ್ಳದಂತೆ ಆಗಾಗ ತಿರುಗಿಸುತ್ತಿರಬೇಕು. ಬಿಸಿಲು ಕೂಡದು. ಪೂರ್ತಿ ಒಣಗುವ ಮುಂಚೆ ಒಮ್ಮೆ ಮೆಲ್ಲಗೆ ಕೊಡವಬೇಕು. ಬೇಗ ಕೊಡವಿದರೆ ಹರಿಯುತ್ತದೆ, ತಡವಾದರೆ ಅಂಟಿಕೊಳ್ಳುತ್ತದೆ. ಯಜಮಾನರು ಮೊದಲು ಕೊಡವಿದ ಲಡಿ ಹರಿದೇ ಹೋಯಿತು. ಎರಡನೆಯದನ್ನು ಬಹಳ ಹೊತ್ತು ಬೆರಳ ಬೆನ್ನಿಂದ ಮುಟ್ಟಿ ಮುಟ್ಟಿ ನೋಡಿ ಕೊಡವಿದರು. ಅದು ಎಳೆ ಎಳೆಯಾಗಿ ಬಿಡಿಸಿಕೊಂಡಿತು. ಬೀದಿಯ ಪಾವಿನಲ್ಲೂ ಅವರು ಗಂಜಿಯ ಹದ ನೋಡುತ್ತಿದ್ದದ್ದು ಬೆರಳ ಬೆನ್ನಿಂದಲೇ. ಅದೊಂದು ಮಾತ್ರ ಅಲ್ಲಿಂದ ಇಲ್ಲಿಗೆ ಬಂತು.

ಒಣಗಿದ ನೂಲನ್ನು ರಾಟೆಯಲ್ಲಿ ಸುತ್ತಿ, ಗೂಟಗಳಿಗೆ ಓಡಿಸಿ ಪಾವು ಮಾಡಿ, ಮಗ್ಗಕ್ಕೆ ಏರಿಸಿದೆವು. ಎಳೆ ಹರಿಯಲೇ ಇಲ್ಲ ಎನ್ನಲಾರೆ. ಹತ್ತಿಯಲ್ಲಿ ಹರಿಯುವಷ್ಟು ಹರಿಯಿತು. ಬೀಡಿ ಹಚ್ಚಿದ್ದ ಮಗ್ಗದವನು ಆ ದಿನ ಗುಂಡಿಯಿಂದ ಎದ್ದು ಬರಲಿಲ್ಲ. ಸಂಜೆ ಹೊತ್ತಿಗೆ ಬೀದಿಯವರೆಲ್ಲ ಆ ಮನೆಯ ಬಾಗಿಲಲ್ಲಿ ನಿಂತು ಲಾಳಿಯ ಸದ್ದು ಕೇಳುತ್ತಿದ್ದರು. ಯಾರೋ ಒಬ್ಬರು, "ಪಾವು ಏರ್ತಲ್ಲಾ ಯಜಮಾನ್ರೇ! ನಿಮ್ಮ ಆಣೆ ಉಳೀತು, ಕುಂಚಾನೂ ಉಳೀತು," ಎಂದರು.

"ಉಳೀತು, ಉಳೀತು," ಎಂದರು ಯಜಮಾನರು.

ವ್ಯಾಪಾರಿ ಮಾತು ಉಳಿಸಿಕೊಂಡ. ಕೊಯಮತ್ತೂರಿಗೆ ಹೋದವರಲ್ಲಿ ಕೆಲವರು ಹಿಂದಿರುಗಿದರು. ಹಿತ್ತಿಲು ಹಿತ್ತಿಲಿನಲ್ಲೂ ಬಿದಿರಿನ ಮೇಲೆ ಹೊಳೆಯುವ ಲಡಿಗಳು ಜೋತಾಡತೊಡಗಿದವು. ಬೆಳಗಿನ ಬೀದಿ ಖಾಲಿಯಾಯಿತು. ಆಗೊಮ್ಮೆ ಈಗೊಮ್ಮೆ ಹತ್ತಿಯ ಪಾವು ಬಂದರೆ ಯಜಮಾನರು ಬೀದಿಯ ಮಧ್ಯೆ ನಿಂತು ಕೂಗುತ್ತಿದ್ದರು. ಮೊದಲು ಅರ್ಧ ಜನ, ಆಮೇಲೆ ನಾಲ್ಕಾರು ಜನ ಬಂದರು. ಎಲ್ಲರಿಗೂ ಮನೆಯಲ್ಲಿ ಕೆಲಸವಿತ್ತು. ಆ ಕೆಲಸವನ್ನು ತಂದುಕೊಟ್ಟ ಯಜಮಾನರ ಕೂಗಿಗೆ ಓಗೊಡಲು ಆ ಕೆಲಸವೇ ಅಡ್ಡಿಯಾಯಿತು. ಇದರಲ್ಲಿ ಯಾರನ್ನು ಬಯ್ಯುವುದು?

ನಾನು ಒಂದು ಪ್ರಯತ್ನ ಮಾಡಿದೆ. ಬೇರೆ ಊರಿನ ನೇಕಾರರಿಗೆ ಈ ವಿಧಾನ ಕಲಿಸಲು ಯಜಮಾನರನ್ನೇ ಕಳಿಸೋಣ ಎಂದು ಅಧ್ಯಕ್ಷರನ್ನು ಒಪ್ಪಿಸಿದೆ. ಅವರು ಹೊಸ ಪಂಚೆ ಉಟ್ಟು, ರುಮಾಲು ಸುತ್ತಿ, ಪಕ್ಕದ ಊರಿಗೆ ಒಮ್ಮೆ ಹೋದರು. ಬೇಗನೇ ಹಿಂದಿರುಗಿದರು. "ಎಂಗಸ್ರು ಕೆಲಸ ಕಲ್ಸಕ್ಕೆ ಗಂಡ್ಸು ಬಂದವ್ನೆ ಅಂತ ನಗ್ತಾರೆ ಸಾಮಿ. ಅಕ್ಕನ್ನ ಕಳ್ಸಿ, ಅವ್ಳು ಬೈದು ಕಲಿಸ್ತಾಳೆ," ಎಂದರು. ಅಕ್ಕ ಹೋಗಲು ಒಪ್ಪಲಿಲ್ಲ. ಅಲ್ಲಿಗೆ ಅದು ನಿಂತಿತು.

ನನಗೆ ಬೇರೆ ಕಡೆ ಕೆಲಸವಾಗಿ, ಹೊರಡುವ ಮುಂಚಿನ ಅಮಾವಾಸ್ಯೆಯಂದು ಅವರನ್ನು ನೋಡಲು ಹೋದೆ. ಅಮಾವಾಸ್ಯೆಗೆ ಯಾರ ಮನೆಯಲ್ಲೂ ಮಗ್ಗ ಆಡುವುದಿಲ್ಲ. ಯಜಮಾನರು ಅಟ್ಟದಿಂದ ಕುಂಚ ಇಳಿಸಿ ಜಗಲಿಯ ಮೇಲೆ ಇಟ್ಟುಕೊಂಡಿದ್ದರು. ಎಣ್ಣೆ ಕಾಣದಿದ್ದರೆ ನಾರು ಒಣಗಿ ಮುರಿಯುತ್ತದೆ. ತಿಂಗಳಿಗೊಮ್ಮೆ ಎಣ್ಣೆ ಕೊಡುವುದು ಮೊದಲಿನಿಂದ ನಡೆದು ಬಂದದ್ದು. ಬೆನ್ನಿನ ಮರ ಉದ್ದ, ಒಬ್ಬರೇ ಹಿಡಿದರೆ ಮಗುಚುತ್ತದೆ.

"ಆ ಕಡೆ ಇಡಿರಿ ಸಾಮಿ," ಎಂದರು.

ಹಿಡಿದೆ. ಅವರು ಬೆರಳಲ್ಲಿ ನಾರನ್ನು ಸಾಲು ಸಾಲಾಗಿ ಬಿಡಿಸಿ ಎಳ್ಳೆಣ್ಣೆ ಹಚ್ಚುತ್ತಾ ನನ್ನ ತುದಿಯ ಕಡೆ ಬಂದರು. ಇನ್ನೊಂದು ಪಾವು ಬರುತ್ತದೆ ಎನ್ನಬಹುದಿತ್ತು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಜಗಲಿಯ ಮೇಲೆ ನಿಂತಿದ್ದೆನೋ ಕೆಳಗೆ ಬೀದಿಯಲ್ಲೋ, ಈಗ ಮರೆತಿದೆ. ಮರದ ಬೆನ್ನಿನ ಆ ತುದಿಯಲ್ಲಿ ಯಾರದೋ ಕೈ ಸವೆಸಿದ ಹಳ್ಳವಿತ್ತು, ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಅದು ನೆನಪಿದೆ.

"ಮೇಲಕ್ಕೆ ಎತ್ತಿ ಸಾಮಿ. ಎರಡು ತುದೀನೂ ಸಮ ಇರ್ಬೇಕು."

ಎತ್ತಿದೆ.

"ಅಷ್ಟೇ. ಅಂಗೇ ಇಡ್ಕಂಡಿರಿ."